ಅದೇ ಎಂಟು ಚೀಲ

ಅತ್ತಿಗೆಗೆ ಹತ್ತೊಂಬತ್ತು ದಿನದ ಅರ್ಧ ಕೂಲಿ ಇನ್ನೂ ಬರಬೇಕು. ಬಾಕಿ ಇದೆ ಎಂದು ಈಗ ಗುತ್ತಿಗೆದಾರನೂ ಒಪ್ಪುತ್ತಾನೆ, ಅವನ ಮೇಸ್ತ್ರಿಯೂ ಒಪ್ಪುತ್ತಾನೆ. ಕೊಡುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಾರೆ. ಆ ಜಗಳಕ್ಕೆ ಬೇರೆ ಜಾಗವಿದೆ, ಕೂಲಿಕಾರರ ಸಂಘದವರು ನಾವು ಅದನ್ನು ಅಲ್ಲೇ ಆಡುತ್ತೇವೆ. ಇಲ್ಲಿ, ನಿಮ್ಮ ಮುಂದೆ ಹೇಳಬೇಕಾದದ್ದು ಆ ಕೂಲಿ ಅರ್ಧವಾದದ್ದು ಯಾಕೆ ಎಂಬುದನ್ನು. ಮೈಗಳ್ಳತನಕ್ಕೆ ಕೂಲಿ ಕತ್ತರಿಸಿದ್ದನ್ನು ನೋಡಿದ್ದೇನೆ. ಎದುರು ಮಾತಾಡಿದ್ದಕ್ಕೆ ಕತ್ತರಿಸಿದ್ದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಮಳೆನೀರನ್ನು ನೆಲದೊಳಗೆ ಕಳಿಸಿದ್ದಕ್ಕೆ ಕತ್ತರಿಸಿದ್ದು ಮಾತ್ರ ಇದೇ ಮೊದಲು.

ಅವಳನ್ನು ಅತ್ತಿಗೆ ಎಂದು ಕರೆಯುವ ಹಕ್ಕು ನಿಜವಾಗಿ ಇರುವುದು ಒಬ್ಬಳಿಗೇ, ಗಂಡನ ತಂಗಿಗೆ. ಆ ನಾದಿನಿ ಪಾರ್ಕಿನ ಕೆಳಗಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಗಂಟಲು ಗಟ್ಟಿ. ಮಿಷನ್ನಿನ ಮುಂದೆ ಕೂತುಕೊಂಡೇ ಪಾರ್ಕಿಗೆ ಕೇಳುವ ಹಾಗೆ "ಅತ್ತಿಗೇ" ಎಂದು ಕೂಗಿ ಕೂಗಿ ಇಡೀ ಓಣಿಗೆ, ಮೇಲಿನ ಎರಡು ಬೀದಿಗಳಿಗೆ, ಕಸದ ಲಾರಿಯ ಡ್ರೈವರಿಗೆ ಎಲ್ಲರಿಗೂ ಅವಳು ಅತ್ತಿಗೆಯಾದಳು. ಆ ಲೆಕ್ಕದಲ್ಲಿ ಅವಳ ಗಂಡನಿಗೆ ನೂರಾರು ತಮ್ಮಂದಿರು, ತಂಗಿಯರು. ಅವನು ಗಾರೆ ಕೆಲಸದವನು, ಮಾತು ಕಮ್ಮಿ. ದಾರಿಯಲ್ಲಿ ಯಾರು ಅಣ್ಣಾ ಎಂದರೂ ತಲೆಯಾಡಿಸಿ ಮುಂದೆ ಹೋಗುತ್ತಾನೆ.

ಪಾರ್ಕು ದೊಡ್ಡದೇನಲ್ಲ, ಸುತ್ತು ಹಾಕಲು ನಾಲ್ಕು ನಿಮಿಷ ಸಾಕು. ಹನ್ನೊಂದು ಮರ, ಎರಡು ಉಯ್ಯಾಲೆ, ಕಲ್ಲು ಹಾಸಿದ ದಾರಿ, ದಾರಿಯ ಎರಡೂ ಬದಿಗೆ ಸುಣ್ಣ ಬಳಿದ ಇಟ್ಟಿಗೆಯ ಅಂಚು, ಮೂಲೆಯಲ್ಲಿ ಸಲಿಕೆ ಗುದ್ದಲಿ ಇಡುವ ತಗಡಿನ ಶೆಡ್ಡು. ನೆಲ ಮೇಲಿನ ಬೀದಿಯಿಂದ ಕೆಳಗಿನ ಓಣಿಯ ಕಡೆಗೆ ಇಳಿಜಾರು. ಗೇಟು ಇರುವುದು ತೀರ ತಗ್ಗಿನಲ್ಲಿ, ಓಣಿಗೆ ಬಾಯಿ ತೆರೆದುಕೊಂಡು. ಇಲ್ಲಿ ಅತ್ತಿಗೆ ಹನ್ನೆರಡು ವರ್ಷದಿಂದ ಗುಡಿಸುತ್ತಿದ್ದಾಳೆ.

ಗುತ್ತಿಗೆಯ ಕಾಗದದಲ್ಲಿ ಅವಳ ಕೆಲಸವನ್ನು ಒಂದು ಸಾಲಿನಲ್ಲಿ ಬರೆದಿದ್ದಾರೆ: ದಿನಕ್ಕೆ ಎಂಟು ಚೀಲ ಎಲೆಕಸ. ಹತ್ತೂವರೆಗೆ ಮೇಸ್ತ್ರಿ ಸ್ಕೂಟರಿನಲ್ಲಿ ಬರುತ್ತಾನೆ. ಇಳಿಯುವುದಿಲ್ಲ, ಇಂಜಿನ್ನೂ ನಿಲ್ಲಿಸುವುದಿಲ್ಲ. ಒಂದು ಕಾಲು ನೆಲಕ್ಕೂರಿ ಚೀಲ ಎಣಿಸುತ್ತಾನೆ. ಎಂಟಿದ್ದರೆ ಪೂರ್ತಿ ದಿನ. ಏಳಿದ್ದರೆ ಮುಖ ಗಂಟಿಕ್ಕುತ್ತಾನೆ. ಆರಿಗಿಂತ ಕೆಳಗಿಳಿದರೆ ಅರ್ಧ ದಿನ. ಹೇಗೆ ಗುಡಿಸಿದೆ ಎಂದು ಕೇಳುವವರು ಯಾರೂ ಇಲ್ಲ. ಆದರೂ ಅತ್ತಿಗೆಗೆ ಹಟ. ಅವಳ ಪಾರ್ಕಿನಲ್ಲಿ ಒಂದು ಎಲೆ ಬಿದ್ದರೆ ಅದು ಎರಡನೆಯ ಎಲೆಯ ಮುಖ ನೋಡುವ ಮೊದಲೇ ಚೀಲ ಸೇರುತ್ತಿತ್ತು. ಎಲೆ ಕಮ್ಮಿ ಉದುರುವ ತಿಂಗಳುಗಳಲ್ಲಿ ಎಂಟು ತುಂಬುವುದು ಕಷ್ಟ. ಆಗ ಗಟ್ಟಿ ಪೊರಕೆ ಹಿಡಿದು ನೆಲವನ್ನೇ ಕೆರೆಯುತ್ತಿದ್ದಳು. ಅರ್ಧ ಎಲೆ, ಅರ್ಧ ಮಣ್ಣು. ಹನ್ನೆರಡು ವರ್ಷದಲ್ಲಿ ಆ ಪಾರ್ಕಿನ ಮೇಲ್ಮಣ್ಣು ಚೀಲ ಚೀಲವಾಗಿ ಲಾರಿ ಹತ್ತಿ ಹೋಯಿತು. ಮರದ ಬೇರುಗಳು ಮುಷ್ಟಿ ಬಿಗಿದ ಕೈಯ ಗೆಣ್ಣಿನ ಹಾಗೆ ಮೇಲೆದ್ದು ಕೂತವು. ಮಿಕ್ಕ ನೆಲ ಸಿಮೆಂಟಿನ ಹಾಗೆ ಗಟ್ಟಿ. ಬೆಳಿಗ್ಗೆ ನಡೆಯಲು ಬರುವವರು, ಏನು ಚೊಕ್ಕಟ ಇಟ್ಟಿದ್ದಾಳೆ ಎಂದು ಹೊಗಳುತ್ತಿದ್ದರು. ಅವಳಿಗೂ ಅದೇ ಬೇಕಿತ್ತು.

ಮಳೆ ಬಂದರೆ ಅಷ್ಟೂ ನೀರು ಆ ನೆಲದ ಮೇಲೆ ಜಾರಿ ಗೇಟು ದಾಟಿ ಓಣಿಗೆ ಇಳಿಯುತ್ತಿತ್ತು. ಓಣಿಯಲ್ಲಿ ಮೊದಲು ಸಿಗುವುದೇ ನಾದಿನಿಯ ಅಂಗಡಿ, ರಸ್ತೆಗಿಂತ ಎರಡು ಮೆಟ್ಟಿಲು ಕೆಳಗೆ. ಅವಳು ಮಿಷನ್ನನ್ನು ನಾಲ್ಕು ಇಟ್ಟಿಗೆಯ ಮೇಲೆ ಎತ್ತಿ ಇಡುವಳು, ಬಟ್ಟೆಯ ಗಂಟುಗಳನ್ನು ಅಟ್ಟಕ್ಕೆ ಎಸೆಯುವಳು, ಆಮೇಲೆ ಮೊಣಕಾಲುದ್ದ ನೀರಿನಲ್ಲಿ ನಿಂತು ಮೋರಿ ಕಟ್ಟಿದವರ ವಂಶವನ್ನೆಲ್ಲ ಬೈಯುವಳು. ಮೋರಿ ಅಗಲ ಮಾಡಿ ಎಂದು ಅರ್ಜಿ ಕೊಟ್ಟೆವು. ಅರ್ಜಿ ಕೇಳದಿದ್ದಾಗ ಕಚೇರಿ ಮುಂದೆ ಧರಣಿ ಕೂತೆವು, ಎರಡು ಸಲ. ಈಗ ನೆನೆದರೆ ನಗು ಬರುತ್ತದೆ. ಪಾರ್ಕಿಗೆ ಬೆನ್ನು ಹಾಕಿ ಮೋರಿಯ ಕಡೆ ಮುಖ ಮಾಡಿ ಕೂತಿದ್ದೆವು.

ಒಂದು ಮಳೆಗಾಲದ ಶುರುವಿನಲ್ಲಿ ಅತ್ತಿಗೆ ಶೆಡ್ಡಿನ ಮೆಟ್ಟಿಲಿನಿಂದ ಜಾರಿ ಮೊಣಕಾಲು ತಿರುಚಿಕೊಂಡಳು. ಹನ್ನೊಂದು ದಿನ ಹಾಸಿಗೆ. ಬದಲಿಗೆ ಯಾರನ್ನೂ ಕಳಿಸಲಿಲ್ಲ. ಆ ಹನ್ನೊಂದು ದಿನದ ಕೂಲಿ ಯಾರ ಜೇಬಿಗೆ ಹೋಯಿತು ಎಂದು ಕೇಳಲೂ ಬೇಕಿಲ್ಲ. ಎಂಟನೆಯ ದಿನ ಮಳೆ ಹೊಯ್ಯಿತು, ಒಂಬತ್ತನೆಯ ದಿನ ಇನ್ನೂ ಜೋರಾಗಿ. ಎಲೆ ಕೊಳೆತು ಪಾರ್ಕು ಹಾಳಾಯಿತು ಎಂದು ಅವಳು ಮಲಗಿದಲ್ಲೇ ಚಡಪಡಿಸಿದಳು. ಹನ್ನೊಂದನೆಯ ದಿನ ನಾದಿನಿ ನೋಡಲು ಬಂದವಳು ಹಾಸಿಗೆಯ ತುದಿಯಲ್ಲಿ ಕೂತು, ಕಾಲಿನ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿ ಹೇಳಿದಳು:

"ಅತ್ತಿಗೆ, ನೀವು ರಜಾ ಹಾಕಿದ್ರೆ ನನ್ನಂಗಡಿಗೆ ನೀರೇ ಬರಲ್ಲ ಕಣ್ರೀ. ಇನ್ನೊಂದು ಕಾಲೂ ತಿರುಚ್ಕೊಳ್ಳಿ, ಈ ಮಳೆಗಾಲ ಹೇಗೋ ದಾಟಿಬಿಡ್ತೀನಿ."

ಮನೆಯವರೆಲ್ಲ ನಕ್ಕರು. ಅತ್ತಿಗೆ ನಗಲಿಲ್ಲ. ಎಷ್ಟು ನೀರು ಬಂತು ಎಂದು ಕೇಳಿದಳು. ಮೇಲಿನ ಮೆಟ್ಟಿಲು ಒದ್ದೆಯಾಯಿತು, ಅಷ್ಟೇ. ಎರಡು ದಿನವೂ ಅಷ್ಟೇನಾ? ಎರಡು ದಿನವೂ ಅಷ್ಟೇ.

ಮರುದಿನ ಕುಂಟಿಕೊಂಡು ಪಾರ್ಕಿಗೆ ಹೋದಳು. ನೆಲದ ತುಂಬ ಎಲೆ, ಪಾದ ಮುಚ್ಚುವಷ್ಟು. ನೋಡಿದರೆ ಅಳು ಬರುವಂತಿತ್ತು ಎಂದು ಆಮೇಲೆ ಹೇಳಿದಳು. ಬಗ್ಗಿ ಒಂದು ಹಿಡಿ ಎಲೆ ಎತ್ತಿದಳು. ಕೆಳಗೆ ನೆಲ ತೇವವಾಗಿತ್ತು. ಬೆರಳು ಒತ್ತಿದರೆ ಎರಡನೆಯ ಗೆಣ್ಣಿನವರೆಗೆ ಇಳಿಯಿತು. ಎರೆಹುಳ ಮಣ್ಣು ಮೇಲಕ್ಕೆ ಉಗುಳಿತ್ತು. ಹನ್ನೆರಡು ವರ್ಷದಲ್ಲಿ ಆ ಪಾರ್ಕಿನಲ್ಲಿ ಅವಳು ಎರೆಹುಳ ಕಂಡಿರಲಿಲ್ಲ. ಎಲೆ ನಿಲ್ಲದ ಉಯ್ಯಾಲೆಯ ಕೆಳಗೆ ಹೋಗಿ ಅದೇ ಬೆರಳು ಒತ್ತಿದಳು. ಉಗುರು ನೋಯಿತು, ಅಷ್ಟೆ.

ಸಂಜೆ ಟೀ ಕುಡಿಯುತ್ತ ಗಂಡನಿಗೆ ಅಂದಳು: "ಇಷ್ಟು ವರ್ಷ ನಿಮ್ಮ ತಂಗಿ ಅಂಗಡಿಗೆ ನೀರು ನುಗ್ಗಿಸಿದ್ದು ನಾನೇ ರೀ."

ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ನೆಲ ನುಣ್ಣಗೆ ಮಾಡಿದ್ರೆ ನೀರು ಜಾರತ್ತೆ," ಎಂದ. "ನಂಗೆ ಅದಕ್ಕೇ ಕೂಲಿ ಕೊಡೋದು."

ಅಂದಿನಿಂದ ಅತ್ತಿಗೆ ದಾರಿಯನ್ನು ಮಾತ್ರ ಗುಡಿಸಿದಳು. ಎಲೆಯನ್ನು ಮರದ ಬುಡಕ್ಕೆ ತಳ್ಳಿದಳು. ಅಷ್ಟಕ್ಕೇ ಸುಮ್ಮನಾಗುವ ಜೀವವಲ್ಲ. ಗೇಟಿಗಿಂತ ಹತ್ತು ಹೆಜ್ಜೆ ಮೇಲೆ, ನೀರು ಕೂಡಿ ಹರಿಯುವ ಜಾಗದಲ್ಲಿ ಒಂದು ಗುಂಡಿ ತೋಡಿದಳು, ಮೊಣಕಾಲಾಳ. ಹಸಿ ಮಣ್ಣು, ಗುದ್ದಲಿ ಸುಲಭವಾಗಿ ಇಳಿಯಿತು. ತೋಡಿ ಮುಗಿಸಿದ ಮೇಲೆ, ಕೆಲಸ ಅಂದರೆ ನೋಡಲು ಒಪ್ಪವಾಗಿರಬೇಕಲ್ಲ, ಸಲಿಕೆಯ ಬೆನ್ನಿನಿಂದ ನಾಲ್ಕೂ ಬದಿ ತಟ್ಟಿ ತಟ್ಟಿ ನುಣುಪು ಮಾಡಿದಳು. ತಳವನ್ನು ಕಾಲಿನಿಂದ ತುಳಿದು ಸಮ ಮಾಡಿದಳು.

ಮಳೆ ಬಂತು, ಗುಂಡಿ ತುಂಬಿತು, ತುಂಬಿದ್ದು ತುಂಬಿದಂತೆಯೇ ಇತ್ತು. ಐದನೆಯ ದಿನಕ್ಕೆ ಹಸಿರು ಬಣ್ಣ, ಕೆಟ್ಟ ನಾತ, ಸೊಳ್ಳೆಮರಿಗಳ ಕುಣಿತ. ನಿವಾಸಿಗಳ ಸಮಿತಿಯ ಅಧ್ಯಕ್ಷರು ಬಂದು ಮೂಗು ಮುಚ್ಚಿಕೊಂಡು ನಿಂತರು. ಅವರು ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿಲ್ಲ. ಉಯ್ಯಾಲೆಯಲ್ಲಿ ಇಬ್ಬರು ಕೂತರೆ ಸೀಟಿ, ಹೂವಿಗೆ ಕೈ ಹಾಕಿದರೆ ಸೀಟಿ. ಊರವರೆಲ್ಲ ಸೀಟಿ ಸಾಹೇಬರು ಎಂದೇ ಕರೆಯುವುದು. ಗುಂಡಿಯನ್ನು ನೋಡಿ ಒಂದು ಸೀಟಿ ಊದಿ, ಮನೆಗೆ ಹೋಗಿ ಗುತ್ತಿಗೆದಾರನಿಗೆ ಪತ್ರ ಬರೆದರು.

ಅತ್ತಿಗೆ ಗಂಡನನ್ನು ಕರೆತಂದಳು. ಅವನು ಗುಂಡಿಯ ಸುತ್ತ ಒಂದು ಸುತ್ತು ಬಂದು, ಬದಿಯನ್ನು ಅಂಗೈಯಿಂದ ಸವರಿ ನೋಡಿ, ನಕ್ಕ. ಅವನು ನಕ್ಕು ಎಷ್ಟೋ ತಿಂಗಳಾಗಿತ್ತು.

"ಇದು ಗುಂಡಿ ಅಲ್ಲ ಕಣೇ, ತೊಟ್ಟಿ. ಕರಣೆ ಹಿಡಿದು ನಾನೇ ಕಟ್ಟಿದ್ರೂ ಇಷ್ಟು ಚೆನ್ನಾಗಿ ನೀರು ನಿಲ್ತಿರಲಿಲ್ಲ."

ಹಸಿ ಜೇಡಿ ಮಣ್ಣನ್ನು ತಟ್ಟಿ ನುಣುಪು ಮಾಡುವುದೂ ಗೋಡೆಗೆ ಗಾರೆ ಬಳಿಯುವುದೂ ಒಂದೇ, ನೀರಿಗೆ ಬಾಗಿಲು ಮುಚ್ಚಿದಂತೆ, ಎಂದು ಅವನು ವಿವರಿಸಿದ. ನೀರು ಸೋರದಂತೆ ಮಾಡಲು ತಾನು ಏನೇನು ಮಾಡುತ್ತೇನೋ ಅದನ್ನೆಲ್ಲ ತಿರುಗುಮುರುಗು ಮಾಡಿದರೆ ಸೋರುತ್ತದೆ. ಅಷ್ಟೇ ಅವನ ವಿದ್ಯೆ, ಅಷ್ಟೇ ಸಾಕಾಯಿತು. ಗಂಡ ಹೆಂಡತಿ ಸೇರಿ ನೀರು ಮೊಗೆದು ಹೊರಗೆ ಚೆಲ್ಲಿದರು. ಬದಿಗಳನ್ನು ಗುದ್ದಲಿಯಿಂದ ಕೆತ್ತಿ ಒರಟು ಮಾಡಿದರು. ತಳಕ್ಕೆ ಹಾರೆ ಹೊಡೆದು ನೂರಾರು ತೂತು ಮಾಡಿದರು. ಆಳ ಬೇಡ, ಅಗಲ ಬೇಕು ಎಂದು ಗುಂಡಿಯನ್ನು ಒಂದು ಗೇಣು ಆಳದ ತಟ್ಟೆಯ ಹಾಗೆ ಹರಡಿದರು. ಒಂದರ ಮೇಲೊಂದು ಮೆಟ್ಟಿಲಿನಂತೆ ಅಂಥವೇ ಇನ್ನೂ ನಾಲ್ಕು ತೋಡಿದರು. ದಾರಿಯ ಅಂಚಿನ ಇಟ್ಟಿಗೆಗಳಲ್ಲಿ ಮೂರಕ್ಕೊಂದನ್ನು ಕಿತ್ತು, ದಾರಿಯ ನೀರು ಪಕ್ಕದ ಗಿಡಗಳ ಕಡೆಗೆ ತಿರುಗುವಂತೆ ಬಿಟ್ಟರು. ಮೋರಿಯ ಪಕ್ಕದಲ್ಲಿ ತಾನಾಗಿ ಬೆಳೆದ ಹುಲ್ಲು, ಜೊಂಡು ತಂದು ಊರಿದರು. ಮೇಲೆ ಎಲೆ ಸುರಿದರು. ಆಮೇಲೆ ಅತ್ತಿಗೆ ಸಲಿಕೆಯನ್ನು ಶೆಡ್ಡಿಗೆ ಒಯ್ದು ಬೀಗ ಹಾಕಿದಳು. ಕೈಗೆ ಸಿಕ್ಕಿದರೆ ಇದನ್ನೂ ತಟ್ಟಿಬಿಡುತ್ತೇನೋ ಎಂಬ ಭಯ.

ಮುಂದಿನ ಮಳೆಯ ನೀರು ಒಂದೂವರೆ ದಿನ ನಿಂತಿತು. ಅದರಾಚೆಯ ಮಳೆಯದು ಒಂದೇ ದಿನ. ಸೊಳ್ಳೆ ಮೊಟ್ಟೆಯಿಟ್ಟು ಮರಿ ಮಾಡುವಷ್ಟು ಹೊತ್ತು ನೀರಿಗೆ ಅಲ್ಲಿ ಕೂರಲು ಪುರಸೊತ್ತಿರಲಿಲ್ಲ.

ಆದರೆ ಚೀಲ? ಬರಿಯ ದಾರಿಯ ಕಸದಿಂದ ತುಂಬುವುದು ದಿನಕ್ಕೆ ಎರಡು. ಮೇಸ್ತ್ರಿ ಮೊದಲ ದಿನ ಕಣ್ಣುಜ್ಜಿಕೊಂಡು ಎಣಿಸಿದ. ಎರಡನೆಯ ದಿನ ಹುಷಾರಿಲ್ಲವಾ ಎಂದು ಕೇಳಿದ. ಮೂರನೆಯ ದಿನದಿಂದ ಅರ್ಧ ಹಾಕಿದ, ಹತ್ತೊಂಬತ್ತು ದಿನ. ಅವನೇನೂ ಕೆಟ್ಟವನಲ್ಲ. ಹತ್ತು ಪಾರ್ಕಿನ ಚೀಲ ಕೂಡಿಸಿ ತೋರಿಸದಿದ್ದರೆ ಅವನಿಗೂ ಮೇಲಿನಿಂದ ಬೈಗುಳ. ಅತ್ತಿಗೆ ಅವನನ್ನು ಸ್ಕೂಟರಿನಿಂದ ಇಳಿಸಿ ಗುಂಡಿ ತೋರಿಸಿದಳು, ಓಣಿ ತೋರಿಸಿದಳು.

"ಅತ್ತಿಗೆ, ನನಗೆ ಗುಂಡಿ ಗೊತ್ತಿಲ್ಲ. ಗೊತ್ತಿರೋದು ಚೀಲ. ಕಾಗದದಲ್ಲಿ ಎಂಟು ಅಂತಿದೆ."

"ಇಷ್ಟು ನೀರು ನೆಲಕ್ಕೆ ಇಳೀತಲ್ಲ, ಅದು ಕೆಲಸ ಅಲ್ವಾ ಹಾಗಾದ್ರೆ?"

"ಅದನ್ನ ಚೀಲಕ್ಕೆ ತುಂಬಿಕೊಡಿ, ಎಣಿಸ್ತೀನಿ."

ಇಷ್ಟು ಹೇಳಿ, ಸೀಟಿ ಸಾಹೇಬರ ಪತ್ರವೂ ಕೈ ಸೇರಿದೆ ಎಂದು ತಿಳಿಸಿದ. ಸೋಮವಾರದಿಂದ ಅತ್ತಿಗೆ ಬಸ್ ನಿಲ್ದಾಣಕ್ಕೆ. ಇಲ್ಲಿಗೆ ಬೇರೆ ಹೆಂಗಸು ಬರುತ್ತಾಳೆ, ಬಂದ ದಿನವೇ ಗುಂಡಿ ಮುಚ್ಚುತ್ತಾಳೆ. ಬಸ್ ನಿಲ್ದಾಣ ಅಂದರೆ ಎರಡು ಬಸ್ಸು ಬದಲಾಯಿಸಬೇಕು, ದಿನವಿಡೀ ಕಾಂಕ್ರೀಟಿನ ಮೇಲೆ ನಿಂತಿರಬೇಕು. ಆ ಮೊಣಕಾಲು ಒಂದು ತಿಂಗಳೂ ತಡೆಯದು. ಕೆಲಸ ಬಿಡು ಎಂದು ಹೇಳುವ ಬದಲು ಹಾಗೆ ಹೇಳುತ್ತಾರೆ.

ಅತ್ತಿಗೆ ನೇರ ಹೊಲಿಗೆ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ನಾದಿನಿ ಬಾಯಲ್ಲಿದ್ದ ದಾರವನ್ನು ಕಚ್ಚಿ ತುಂಡು ಮಾಡಿ ಎಲ್ಲ ಕೇಳಿಸಿಕೊಂಡಳು. "ಅವನಿಗೆ ಎಣಿಸೋಕೆ ಏನಾದ್ರೂ ಬೇಕು, ಅಷ್ಟೇ ತಾನೇ?" ಎಂದು ಕೊರಳಿನಿಂದ ಅಳತೆ ಟೇಪು ತೆಗೆದಳು.

ಶನಿವಾರ ಮಧ್ಯಾಹ್ನ ಮಳೆ ಹಿಡಿಯಿತು. ನಾದಿನಿ ಟೇಪನ್ನು ಒಂದು ಕೋಲಿಗೆ ಕಟ್ಟಿ ಗೇಟಿನ ಹತ್ತಿರದ ಗುಂಡಿಗೆ ನೆಟ್ಟು, ಕೊಡೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತಳು. ಅತ್ತಿಗೆ ಹೋಗಿ ಸೀಟಿ ಸಾಹೇಬರ ಬಾಗಿಲು ತಟ್ಟಿ, ಗಡಿಯಾರ ನೋಡಿ ಬರೆದುಕೊಳ್ಳಲು ಒಬ್ಬರು ಬೇಕಿತ್ತು ಎಂದಳು. ಸೊಳ್ಳೆಯ ಮಾತಾಗಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗಡಿಯಾರ ಎಂದದ್ದಕ್ಕೆ ರೈನ್‌ಕೋಟು ಹಾಕಿಕೊಂಡು ಬಂದರು. ಮೂವತ್ತು ವರ್ಷ ಪ್ರತಿ ನಿಲ್ದಾಣದ ನಿಮಿಷ ಬರೆದವರು. ತಮ್ಮ ಕಣ್ಣೆದುರು ಇನ್ನೊಬ್ಬರು ಅಂದಾಜಿನಲ್ಲಿ ಹೊತ್ತು ಹೇಳುವುದನ್ನು ಅವರು ಸಹಿಸಲಾರರು.

ಮೂರು ನಲವತ್ತಕ್ಕೆ ಒಂಬತ್ತು ಇಂಚು, ಗುಂಡಿ ಅಂಚಿನವರೆಗೆ ತುಂಬಿತ್ತು. ನಾಲ್ಕಕ್ಕೆ ಮಳೆ ನಿಂತಿತು. ನಾಲ್ಕೂವರೆಗೆ ನಾದಿನಿ ರವಿಕೆಯ ಅಳತೆ ಹೇಳುವ ರಾಗದಲ್ಲೇ "ಎದೆ ಏಳೂವರೆ" ಎಂದಳು. ಸಾಹೇಬರು ಎದೆ ಎಂಬುದನ್ನು ಬಿಟ್ಟು ಏಳೂವರೆಯನ್ನು ಮಾತ್ರ ಡೈರಿಗೆ ಬರೆದರು. ಐದೂವರೆಗೆ ಸೊಂಟ ಐದು. ಆರೂವರೆಗೆ ಎರಡೂವರೆ, ಅದು ಯಾವ ಅಂಗ ಎಂದು ಅವಳು ಹೇಳುವ ಮೊದಲೇ ಸಾಹೇಬರು ಕೈ ಎತ್ತಿ ಸಾಕು ಎಂದರು. ಓಣಿಗೆ ಇಳಿದು ಅಂಗಡಿಯ ಎರಡೂ ಮೆಟ್ಟಿಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮೇಲಿನದು ಒದ್ದೆ, ಕೆಳಗಿನದು ಒಣ. ಮರುದಿನ ಬೆಳಿಗ್ಗೆ ಯಾರೂ ಕರೆಯದೆ ತಾವೇ ಬಂದು, ತಳ ಕಂಡ ಗುಂಡಿಯ ಎದುರು ನಿಂತು, ರೈಲು ಬಿಡುವಾಗ ಊದುವ ಉದ್ದ ಸೀಟಿ ಊದಿದರು. ಮೇಲಿನ ಬೀದಿಯವರಿಗೆ ಎಚ್ಚರವಾಯಿತು. ಅದೂ ಒಳ್ಳೆಯದಾಯಿತು, ಸಮಿತಿಯ ಸಭೆಗೆ ಎಂದೂ ಬಾರದವರು ಅಂದು ಬಂದರು.

ಸಭೆ ಮರದ ಕೆಳಗೆ. ಸಾಹೇಬರು ಡೈರಿಯನ್ನು ರೈಲಿನ ವೇಳಾಪಟ್ಟಿಯಂತೆ ಓದಿದರು, ತಮ್ಮ ಪತ್ರವನ್ನು ವಾಪಸು ತೆಗೆದುಕೊಳ್ಳುವುದಾಗಿಯೂ ಹೇಳಿದರು. ಎಲ್ಲರಿಗೂ ಹಿಡಿಸಲಿಲ್ಲ. ಬಿಳಿ ಬೂಟು ಹಾಕಿಕೊಂಡು ನಡೆಯುವವರು ಒಬ್ಬರು, ಪಾರ್ಕು ಕಾಡಾಗಿದೆ, ಗುಡಿಸುವವಳನ್ನು ಇಟ್ಟದ್ದು ಗುಡಿಸಲಿಕ್ಕೆ ಎಂದರು. ಎಲೆಯಿದ್ದರೆ ಹಾವು ಬರುತ್ತದೆ ಎಂದು ಇನ್ನೊಬ್ಬರ ಆತಂಕ. ಅತ್ತಿಗೆ ಎದ್ದು ನಿಂತಳು.

"ನನಗೂ ಗುಡಿಸಿದ ನೆಲ ನೋಡೋಕೇ ಇಷ್ಟ. ಹನ್ನೆರಡು ವರ್ಷ ಗುಡಿಸಿದ್ದು ನಾನು. ಅದು ತಪ್ಪಾಯ್ತು ಅಂತಿರೋದೂ ನಾನೇ. ಮರ್ಯಾದೆ ಹೋಗಿದ್ರೆ ನಂದು ಹೋಗ್ಬೇಕು. ನಿಮಗೇನು ನಷ್ಟ?"

ಅವಳನ್ನು ಇಲ್ಲೇ ಇಡಬೇಕು ಎಂದು ಪತ್ರವಾಯಿತು.

ಸೋಮವಾರ ಮೇಸ್ತ್ರಿ ಪತ್ರ ಓದಿ ತಲೆ ಕೆರೆದುಕೊಂಡ. ಅತ್ತಿಗೆ ಇಲ್ಲೇ ಇರಲಿ, ಅವನ ಅಡ್ಡಿಯಿಲ್ಲ. ಆದರೆ ಗುತ್ತಿಗೆಯ ಅವಧಿ ಮುಗಿಯುವವರೆಗೆ ಕಾಗದ ಕಾಗದವೇ. ಅವನು ಎಂಟು ಬರೆಯಲೇಬೇಕು, ಎಂಟು ಬರೆಯಲು ಎಂಟು ಕಾಣಬೇಕು. ಲಾರಿಯ ಡ್ರೈವರು ಸ್ಟೇರಿಂಗಿನ ಹಿಂದಿನಿಂದಲೇ ಪರಿಹಾರ ಕೊಟ್ಟ: "ಕಾಣ್ಬೇಕು ತಾನೇ? ಎಂಟು ತುಂಬಿ ಇಟ್ಟಿರಿ ಅತ್ತಿಗೆ. ನಾನು ಎತ್ತಲ್ಲ."

ಅಂದಿನಿಂದ ಶೆಡ್ಡಿನ ಪಕ್ಕ ಎಂಟು ಚೀಲ ಸಾಲಾಗಿ ನಿಂತಿವೆ. ದಿನಾ ಹತ್ತೂವರೆಗೆ ಮೇಸ್ತ್ರಿ ಬಂದು, ಒಂದು ಕಾಲು ನೆಲಕ್ಕೂರಿ, ಒಂದರಿಂದ ಎಂಟರವರೆಗೆ ಬೆರಳು ಮಾಡಿ ಎಣಿಸಿ ಬರೆದುಕೊಂಡು ಹೋಗುತ್ತಾನೆ. ಮೂರು ತಿಂಗಳಾಯಿತು, ಅದೇ ಎಂಟು ಚೀಲ. ಮೂರನೆಯದು ಹರಿದು ಅದರೊಳಗಿಂದ ಒಂದು ಗಿಡ ಚಿಗುರಿದೆ. ಅದನ್ನೂ ಎಣಿಸುತ್ತಾನೆ. ಡ್ರೈವರಿಗೆ ಬೆನ್ನು ನೋವು ಕಮ್ಮಿಯಾಗಿದೆಯಂತೆ. ಅತ್ತಿಗೆಗೆ ಪೂರ್ತಿ ಕೂಲಿ ಬರುತ್ತಿದೆ. ಓಣಿಯಲ್ಲಿ ಎಲ್ಲರಿಗೂ ಇದೊಂದು ತಮಾಷೆ.

ಅತ್ತಿಗೆಗೆ ಮಾತ್ರ ಅಲ್ಲ. ಮೊನ್ನೆ ಗುಂಡಿಯ ಕಳೆ ಕೀಳುತ್ತ ನನಗೆ ಹೇಳಿದಳು: "ಮಣ್ಣು ಕೆರೆದು ಚೀಲ ತುಂಬಿಸ್ತಿದ್ದಾಗ ನಾನು ಸಾಚಾ. ಈಗ ಕೆಲಸ ಮಾಡ್ತಿದ್ದೀನಿ, ಈಗ ಕಳ್ಳಿ." ಮೇಲಿನ ಅಧಿಕಾರಿ ಯಾವನಾದರೂ ಒಂದು ದಿನ ಬಂದು ಒಂದು ಚೀಲ ಎತ್ತಿ ನೋಡಿದರೆ ಸಾಕು. ಮೇಸ್ತ್ರಿಯೂ ಹೋದ, ಅವಳೂ ಹೋದಳು, ಗುಂಡಿಯೂ ಹೋಯಿತು. ಹಾಗೆಂದು ಅವಳು ಹೆದರಿ ಕೂತಿಲ್ಲ. ಮೇಲಿನ ಬೇಲಿಯ ಪಕ್ಕ ಆರನೆಯ ಗುಂಡಿ ತೋಡುತ್ತಿದ್ದಾಳೆ.

ಗುತ್ತಿಗೆ ಬರುವ ತಿಂಗಳು ಮುಗಿಯುತ್ತದೆ. ಹೊಸ ಕಾಗದದ ಕರಡು ನೋಡಿದೆ. ಚೀಲದ ಸಾಲು ಹಾಗೆಯೇ ಇದೆ, ಅಂಕಿ ಮಾತ್ರ ಬದಲಾಗಿದೆ. ಒಂದು ದಿನವೂ ತಪ್ಪದೆ ಎಂಟು ತುಂಬುವ ಪಾರ್ಕುಗಳಿವೆಯಲ್ಲ, ಇನ್ನು ಹತ್ತು ತುಂಬಲಿ ಎಂದು ಗುತ್ತಿಗೆದಾರನ ಲೆಕ್ಕ.

ಆ ಕಾಗದ ಒಂದು ಪಾರ್ಕಿಗೆ ಬರೆದದ್ದಲ್ಲ, ಎಲ್ಲ ಪಾರ್ಕಿಗೂ ಒಂದೇ. ಪ್ರತಿ ಬೀದಿಯ ಸಮಿತಿಯ ಸಹಿ ಅದಕ್ಕೆ ಬೇಕು. ನಿಮ್ಮ ನಿಮ್ಮ ಪಾರ್ಕಿನ ಸುತ್ತ ಮನೆಯಿರುವವರು ನೀವು, ಸಹಿ ನಿಮ್ಮದು. ಹೋದ ಸಲ ಓದದೆ ಹಾಕಿದಿರಿ. ಈ ಸಲ ಓದಿ. ಚೀಲದ ಸಾಲನ್ನು ಹೊಡೆದುಹಾಕಿ. ಎಲೆ ಪಾರ್ಕಿನಲ್ಲೇ ಉಳಿಯಬೇಕು, ಮಳೆ ಸುರಿದರೂ ಗೇಟಿನಿಂದಾಚೆ ನೀರು ನುಗ್ಗಬಾರದು, ಅದನ್ನು ನೋಡಿಕೊಳ್ಳುವುದೇ ಇಲ್ಲಿಯ ಕೆಲಸ ಎಂದು ಅದರ ಜಾಗದಲ್ಲಿ ನಿಮ್ಮ ಕೈಯಿಂದ ಬರೆಯಿರಿ. ಬರೆದ ಮೇಲೆ ಸಹಿ ಹಾಕಿ. ಬರೆಯಲು ಬಿಡದಿದ್ದರೆ ಸಹಿ ಹಾಕಬೇಡಿ. ಹಾಕುತ್ತೀರೋ ಇಲ್ಲವೋ, ಈಗಲೇ ಹೇಳಿ.